ಚಕ್ರದಡಿಯ ಹೊಳೆಗಲ್ಲು

ನಾನೊಂದು ಯುದ್ಧವಿಮಾನ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ, ಎರಡನೇ ಮಹಾಯುದ್ಧದ ಗಡಿಬಿಡಿಯಲ್ಲಿ ಹುಟ್ಟಿದೆ. ಬಿಡಿಬಿಡಿಯಾಗಿ ಹಡಗಿನಲ್ಲಿ ಬಂದು ಬೆಂಗಳೂರಿನಲ್ಲಿ ಒಂದಾದೆ. ಆಗ ನನ್ನ ಮೈಗೆ ಪೆಟ್ರೋಲಿನ ವಾಸನೆಯಿತ್ತು. ಈಗ ಗೋಬಿ ಮಂಚೂರಿಯ ವಾಸನೆ. ಥೂ!

ನನ್ನನ್ನು ಹಾರಿಸುತ್ತಿದ್ದವನು ಇನ್ನೂ ಮೀಸೆ ಸರಿಯಾಗಿ ಮೂಡದ ಪರದೇಶಿ ಹುಡುಗ. ಸಿಳ್ಳೆ ಹಾಕುತ್ತ ಹತ್ತುತ್ತಿದ್ದ, ಇಳಿದ ಮೇಲೆ ನನ್ನ ಮೂತಿ ತಟ್ಟಿ ಹೋಗುತ್ತಿದ್ದ. ಒಂದು ದಿನ ಚಾಮರಾಜನಗರದ ಆಚೆಯ ಬೆಟ್ಟಗಳ ಮೇಲೆ ಮೋಡ ಕವಿದು ದಾರಿ ತಪ್ಪಿತು. ಗುಡ್ಡಕ್ಕೆ ಬಡಿದೆವು. ನಾನು ಮುರಿದೆ, ಅವನು ಸತ್ತ. ಅವನ ಕಡೆಯವರು ಯಾರೂ ನಮ್ಮನ್ನು ಹುಡುಕಿಕೊಂಡು ಬರಲಿಲ್ಲ.

ಬಂದವನು ಜೇನು ಕೀಳಲು ಹೊರಟಿದ್ದ ಸೋಲಿಗರ ಬೇದೇಗೌಡ. ಜೊತೆಗೆ ಪುಟ್ಟ ಮಗಳು ಕೇತಮ್ಮ. ಬೇದೇಗೌಡ ಹುಡುಗನನ್ನು ಹೊರಗೆಳೆದು ನನ್ನ ಎಡರೆಕ್ಕೆಯ ನೆರಳಲ್ಲೇ ಮಣ್ಣು ಮಾಡಿದ. ಆಮೇಲೆ ತಮ್ಮವರು ಸತ್ತರೆ ಅವರ ಜೀವ ಕೂರಲೆಂದು ಇಡುವ ಹಾಗೆಯೇ ಹೊಳೆಯಿಂದ ಒಂದು ಗುಂಡಗಿನ ಕಲ್ಲು ಹೊತ್ತು ತಂದು ಅಲ್ಲಿ ನಿಲ್ಲಿಸಿದ. ಹೆಸರಿಲ್ಲದ, ಜಾತಿ ಗೊತ್ತಿಲ್ಲದ, ಆಕಾಶದಿಂದ ಬಿದ್ದ ಹೆಣಕ್ಕೆ!

ಅಪ್ಪ ಹೋದ ಮೇಲೆ ಕೇತಮ್ಮ ಬರುತ್ತಿದ್ದಳು. ಹಬ್ಬದ ದಿನ ರಾಗಿ ರೊಟ್ಟಿಯ ತುಂಡಿಗೆ ಜೇನು ಸವರಿ ಕಲ್ಲಿನ ಮುಂದಿಡುತ್ತಿದ್ದಳು. ಅವಳ ತಲೆ ನೆರೆಯಿತು, ನನಗೆ ತುಕ್ಕು ಹಿಡಿಯಿತು. ನನ್ನ ಹೊಟ್ಟೆಯಲ್ಲಿ ಕಾಡುಬೆಕ್ಕು ಮರಿ ಹಾಕಿತು. ಹಾಗೇ ಮಣ್ಣಾಗಿಬಿಡುತ್ತಿದ್ದೆ, ಸುಖವಾಗಿ.

ಆದರೆ ಮೈಸೂರಿನ ಹೋಟೆಲ್ ಮಾಲೀಕ ಪ್ರಮೋದ್ ಶೆಣೈಗೆ ನನ್ನ ಸುದ್ದಿ ಮುಟ್ಟಿತು. ಅದು ಹೇಗೆ ಒಪ್ಪಿಗೆ ಗಿಟ್ಟಿಸಿದನೋ, ಆಳು ಲಾರಿ ಸಮೇತ ಬಂದಿಳಿದ.

"ಇದು ಹೆರಿಟೇಜ್ ಅಜ್ಜೀ! ಇಲ್ಲೇ ಬಿಟ್ರೆ ಮಣ್ಣಾಗುತ್ತೆ. ನಾವು ಉಳಿಸೋಕೆ ಬಂದಿದ್ದೀವಿ" ಎಂದ.

"ಮಣ್ಣಾದ್ರ ಏನಾದದು ಬುದ್ದಿ? ಅವ್ನೂ ಮಣ್ಣಾಗವ್ನ" ಎಂದಳು ಕೇತಮ್ಮ. ಅವನು ಕೇಳುವ ಆಸಾಮಿಯಲ್ಲ ಎಂದು ಗೊತ್ತಾದ ಮೇಲೆ ದನಿ ತಗ್ಗಿಸಿದಳು. "ತಗಡ ಬೇಕಾದ್ರ ತಕ್ಕೊಂಡೋಗಿ. ಆ ಕಲ್ಲ ಮಾತ್ರ ಮುಟ್ಟಬ್ಯಾಡಿ. ಅದಿಲ್ದಿದ್ರ ಅವ್ನು ಎಲ್ಲಿ ಕೂತ್ಕಂಡಾನು?"

"ಅಯ್ಯೋ, ಕಲ್ಲು ಯಾರಿಗೆ ಬೇಕು!" ಎಂದು ಶೆಣೈ ನಕ್ಕ. ಅವನ ಮಾತು ನಂಬಿ ಅವಳು ಕಾಡೊಳಗಿನ ತನ್ನ ಹಟ್ಟಿಗೆ, ಪೋಡಿಗೆ ಹೋದಳು.

ನನ್ನನ್ನು ಹೇರುವಾಗ ಇಳಿಜಾರಿನಲ್ಲಿ ಲಾರಿ ಹಿಂದಕ್ಕೆ ಜಾರಿತು. ಡ್ರೈವರ್ ಕೈಗೆ ಸಿಕ್ಕ ಕಲ್ಲನ್ನು ಕಿತ್ತು ಚಕ್ರಕ್ಕೆ ಒಡ್ಡಿದ. ಒಳ್ಳೆಯ ಕಲ್ಲು ಸಿಕ್ಕರೆ ಲಾರಿಯವರು ಬಿಡುವವರಲ್ಲ, ಮುಂದಿನ ಘಾಟಿಗೂ ಬೇಕಲ್ಲ! ಹೊರಡುವಾಗ ಅದನ್ನೂ ನನ್ನ ಪಕ್ಕಕ್ಕೆ ಎಸೆದ. ಯಾವ ಕಲ್ಲೆಂದು ಅವನು ನೋಡಲಿಲ್ಲ, ಯಾರೂ ನೋಡಲಿಲ್ಲ. ನನಗೆ ಬಾಯಿಲ್ಲ.

ಮೈಸೂರಿನಲ್ಲಿ ನನಗೆ ಬೆಳ್ಳಿ ಬಣ್ಣ ಬಳಿದರು. ಟ್ರ್ಯಾಕ್ಟರಿನ ಚಕ್ರ ಕಟ್ಟಿ ಹೋಟೆಲಿನ ಮುಂದೆ ನಿಲ್ಲಿಸಿದರು. ಚಕ್ರ ಉರುಳದಿರಲೆಂದು ಅದೇ ಕಲ್ಲನ್ನು ಅಡಿಗಿಟ್ಟರು. ಹುಡುಗನ ಉಸಿರು ನಿಂತ ಸೀಟಿನಲ್ಲಿ ಕೂತು ಜನ ಹಲ್ಲು ಕಿಸಿದು ಸೆಲ್ಫಿ ತೆಗೆಯುತ್ತಾರೆ. ಅಲ್ಲೇ ಹುಟ್ಟುಹಬ್ಬದ ಕೇಕು ಕತ್ತರಿಸಿ ಒಬ್ಬರ ಮುಖಕ್ಕೊಬ್ಬರು ಮೆತ್ತುತ್ತಾರೆ. 'ಪೈಲಟ್ ಸ್ಪೆಷಲ್' ಎಂಬ ಊಟವೂ ಇದೆ. ಉಂಡವರು ಕಲ್ಲಿನ ಮೇಲೆ ಎಲೆಯಡಿಕೆ ಉಗಿಯುತ್ತಾರೆ, ಸಿಗರೇಟು ಹೊಸಕುತ್ತಾರೆ. ಅಸಹ್ಯದಿಂದ ನನ್ನ ಮೈಯ ಮೊಳೆ ಮೊಳೆಯೂ ಉರಿಯುತ್ತದೆ. ತುಕ್ಕು ಎಷ್ಟೋ ಮರ್ಯಾದಸ್ಥ.

ಯಾರದೋ ಫೋನಿನಲ್ಲಿ ನನ್ನ ಫೋಟೋ, ಚಕ್ರದಡಿಯ ಕಲ್ಲಿನ ಸಮೇತ, ಪೋಡಿಗೂ ತಲುಪಿತಂತೆ. ಒಂದು ಮಧ್ಯಾಹ್ನ ಕೇತಮ್ಮ ಕೋಲೂರಿಕೊಂಡು ಗೇಟಿನೊಳಗೆ ಬಂದಳು. ನೇರವಾಗಿ ಚಕ್ರದ ಬಳಿ ಕುಕ್ಕರಿಸಿದಳು.

"ಕಲ್ಲ ಕೊಡಿ ಬುದ್ದಿ."

ಶೆಣೈಗೆ ಅವಳ ಗುರುತೂ ಹತ್ತಲಿಲ್ಲ. "ಇದಕ್ಕೋಸ್ಕರ ಅಷ್ಟು ದೂರದಿಂದ ಬಂದ್ರಾ? ತಗೊಂಡು ಹೋಗಿ ಅಜ್ಜಿ, ಅಲ್ಲಿಗೊಂದು ಇಟ್ಟಿಗೆ ಇಟ್ರಾಯ್ತು" ಎಂದ.

ಅವಳು ಕಲ್ಲನ್ನು ಎಳೆದುಕೊಂಡು ಸೆರಗಿನಿಂದ ಉಗುಳು, ಬೂದಿ ಎಲ್ಲ ಒರೆಸಿದಳು. ಬಟ್ಟೆಯಲ್ಲಿ ಗಂಟು ಕಟ್ಟಿ ಮಗುವಿನ ಹಾಗೆ ಕಂಕುಳಿಗೇರಿಸಿದಳು.

"ನಡಿ ಮಗಾ, ಮನೆಗ ಹೋಗವ" ಎಂದಳು.

ನನ್ನನ್ನೂ ಒಮ್ಮೆ ನೋಡಿಯಾಳು ಎಂದು ಕಾದೆ. ಅವಳು ನೋಡಲಿಲ್ಲ. ಏಕೆ ನೋಡಬೇಕು? ಅವನ ಗೋರಿಗೆ ನೆರಳಾಗಿದ್ದ ಆ ಹಳೆಯ ತಗಡು ಇಲ್ಲಿ ಎಲ್ಲಿದೆ?

ಸಂಜೆ ನನ್ನ ರೆಕ್ಕೆಗೆ ಕಟ್ಟಿದ ಬಣ್ಣದ ಬಲ್ಬುಗಳು ಹತ್ತಿಕೊಂಡವು. ಚಕ್ರದಡಿಗೆ ಇಟ್ಟಿಗೆ ಬಂತು. ನನ್ನನ್ನು ಉಳಿಸಿದ್ದಾರಂತೆ. ಬೋರ್ಡಿನ ಮೇಲೆ ಹಾಗೆಂದು ಬರೆದಿದೆ.