ಚಹಾಪುಡಿ ಡಬ್ಬಿಯ ಗುಂಯ್

ನನ್ನ ಅಡುಗೆಮನೆಯಿಂದ ಮೊದಲು ಕಾಣೆಯಾದದ್ದು ಸಾಸಿವೆ ಡಬ್ಬಿ. ಆಮೇಲೆ ಜೀರಿಗೆಯದು. ಮೂರನೆಯದು ಚಹಾಪುಡಿ ಡಬ್ಬಿ, ಮದುವೆಯಲ್ಲಿ ತವರಿನವರು ಮುಚ್ಚಳದ ಮೇಲೆ ‘ಮೇಘಾ’ ಎಂದು ಕೊರೆಸಿ ಕೊಟ್ಟದ್ದು. ಅದು ನನ್ನ ಗಂಡ ಭೀಮೇಶನ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ತಳಕ್ಕೆ ಮೂರು ತೂತು ಕೊರೆದಿದ್ದ. ಒಳಗಿನ ಪುಡಿಯನ್ನು ಪೇಪರಿನಲ್ಲಿ ಕಟ್ಟಿ ಒಲೆಯ ಪಕ್ಕ ಇಟ್ಟಿದ್ದ, ಅಷ್ಟು ಮರ್ಯಾದೆ ಉಳಿದಿತ್ತು. ಬರೆಯುವಾಗ ಗಂಡನನ್ನು ಅವನು ಇವನು ಅನ್ನುತ್ತಿದ್ದೇನೆ. ಎದುರಿಗೆ ‘ರೀ’ ಎಂದೇ ಕರೆಯುತ್ತೇನೆ, ಸಿಟ್ಟು ಬಂದಾಗಲೂ.

ಭೀಮೇಶನಿಗೆ ಕೊಣ್ಣೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಗೋಕಾಕದಲ್ಲಿ ಐಟಿಐ ಕಲಿತವನು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮೋಟಾರು ಸುಟ್ಟರೂ ಅವನನ್ನೇ ಕರೆಯುತ್ತಾರೆ, ಅವನ ಕೈಗುಣ ಹೊಗಳುತ್ತಾರೆ. ಅಂಗಡಿ ಮುಚ್ಚಿದ ಮೇಲೆ ಮತ್ತು ರವಿವಾರ ಇಡೀ ದಿನ ಅವನು ಗಿಟಾರಿನ ಎಫೆಕ್ಟ್ ಪೆಡಲ್ ಕಟ್ಟುತ್ತಾನೆ. ಗಿಟಾರು ಬಾರಿಸುವವರು ಕಾಲ ಬಳಿ ಇಟ್ಟುಕೊಂಡು ತುಳಿಯುವ ಡಬ್ಬಿ ಅದು. ಗಿಟಾರಿನ ವೈರು ಅದರೊಳಗೆ ಹೊಕ್ಕು ಸ್ಪೀಕರಿಗೆ ಹೋಗುತ್ತದೆ. ಡಬ್ಬಿಯನ್ನು ತುಳಿದರೆ ಚೆಂದದ ದನಿ ಒಡೆದು ಗೊಗ್ಗರಾಗಿ ಹೊರಗೆ ಬರುತ್ತದೆ. ಚೆಂದ ಇದ್ದದ್ದನ್ನು ಯಾಕೆ ಕೆಡಿಸಬೇಕು ಎಂದು ಕೇಳಿದ್ದೆ.

“ಹದಾ ನೋಡಿ ಕೆಡಿಸಬೇಕಾಗತೈತಿ. ಅದೂ ಒಂದ ಕೆಲಸಾನ ಐತಿ,” ಎಂದಿದ್ದ.

ತಮಾಷೆಯೆಂದರೆ ಅವನಿಗೆ ಗಿಟಾರು ಬರುವುದಿಲ್ಲ. ಪರೀಕ್ಷೆಗೆಂದು ಹಳೆಯದೊಂದು ಇಟ್ಟುಕೊಂಡಿದ್ದಾನೆ. ಒಂದೇ ತಂತಿಯನ್ನು ಮೀಟಿ, ಕಣ್ಣು ಮುಚ್ಚಿ, ಆ ದನಿ ಸತ್ತುಹೋಗುವ ತನಕ ಕೇಳುತ್ತಾನೆ. ಮತ್ತೆ ಮೀಟುತ್ತಾನೆ. ನಾನು ಬಾಜೂ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತ ಅದನ್ನೆಲ್ಲ ಕೇಳುತ್ತೇನೆ. ಇಷ್ಟು ಗಮನ ಕೊಟ್ಟು ಈ ಮನುಷ್ಯ ನನ್ನ ಒಂದು ಮಾತನ್ನಾದರೂ ಕೇಳಿದ್ದಾನೆಯೇ ಎಂದು ಲೆಕ್ಕ ಹಾಕುತ್ತೇನೆ.

ಮನೆಯಲ್ಲಿ ನಾವು ಮೂವರು. ಮೂರನೆಯವರು ಅತ್ತೆ, ಸತ್ತೆವ್ವ. ಕಬ್ಬಿನ ಗದ್ದೆಯಲ್ಲಿ ದುಡಿದ ಕೈ ಅವರದು, ಸುಮ್ಮನೆ ಕೂರಲು ಬಾರದು. ನೀರು ತುಂಬುವ ಕೆಲಸವನ್ನು ನನಗೆ ಬಿಟ್ಟುಕೊಟ್ಟವರೇ ಅಲ್ಲ. ಕಾರಣ ನನ್ನ ಚಪ್ಪಲಿ. ನಾನೂ ಭೀಮೇಶನೂ ಹಿತ್ತಲಿನ ನಳಕ್ಕೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಹೋಗುತ್ತೇವೆ. ಅತ್ತೆಗೆ ಅದು ಸೇರದು. ನೀರೆಂದರೆ ಗಂಗವ್ವ, ಅವಳ ಮುಂದೆ ಕಾಲಲ್ಲಿ ಕೆರವು ಇರಬಾರದು. ಅವರು ಜೀವಮಾನದಲ್ಲಿ ಬರಿಗಾಲಲ್ಲದೆ ನೀರು ತುಂಬಿದವರಲ್ಲ.

ಎರಡು ವರ್ಷದ ಹಿಂದೆ, ಮುಂಗಾರಿನ ದಿನಗಳಲ್ಲಿ, ಒಂದು ಮುಂಜಾನೆ ಅವರು ಕೊಡವನ್ನು ನಳದ ಕೆಳಗೇ ಬಿಟ್ಟು, ಕೈ ಝಾಡಿಸುತ್ತ ಒಳಗೆ ಬಂದರು.

“ನಳಾ ಹಿಡದ್ರ ಕೈ ಜುಮ್ ಅಂತೈತಿ,” ಅಂದರು.

ಭೀಮೇಶ ಚಪ್ಪಲಿ ಮೆಟ್ಟಿಕೊಂಡು ಹೋಗಿ ನಳ ಹಿಡಿದ. ಏನೂ ಆಗಲಿಲ್ಲ. ನಾನೂ ಹಿಡಿದೆ, ನನಗೂ ಏನೂ ಆಗಲಿಲ್ಲ. ಇಬ್ಬರು ಒಂದು ಕಡೆ, ಒಬ್ಬರು ಒಂದು ಕಡೆ ಆದಮೇಲೆ ತೀರ್ಮಾನ ಸುಲಭ. ಹುಕ್ಕೇರಿ ನನ್ನ ತವರು, ಅಲ್ಲಿ ಗುರುತಿನ ಡಾಕ್ಟರರಿದ್ದಾರೆ. ಕರೆದುಕೊಂಡು ಹೋದೆವು. ಅತ್ತೆ ಬಾಯಿ ತೆರೆಯುವ ಮೊದಲೇ ಭೀಮೇಶ, ಕೈ ಜುಮುಗುಡುತ್ತದೆ ಎಂದು ಹೇಳಿದ. ನಳದ ಸುದ್ದಿ ಎತ್ತಲಿಲ್ಲ. ವಯಸ್ಸಾಯಿತು, ನರದ ದೌರ್ಬಲ್ಯ ಇರಬಹುದು ಎಂದು ಡಾಕ್ಟರರು ದಿನಕ್ಕೊಂದು ಗುಳಿಗೆ ಬರೆದರು. ಅತ್ತೆ ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಗುಣವೂ ಆಗಲಿಲ್ಲ.

ಬರಬರುತ್ತ ಅವರಿಗೊಂದು ವಿಚಿತ್ರ ರೂಢಿ ಬಿತ್ತು. ಖಾಲಿ ಕೊಡ ಹಿಡಿದು ಫ್ರಿಜ್ಜಿನ ಮುಂದೆ ನಿಲ್ಲುವರು. ಅದು ಗುರ್ ಅನ್ನುತ್ತಿರುವಷ್ಟು ಹೊತ್ತು ಕದಲುವುದಿಲ್ಲ. ಸುಮ್ಮನಾದ ಕೂಡಲೇ ಹಿತ್ತಲಿಗೆ ಹೋಗಿ ಲಗುಬಗೆಯಿಂದ ನೀರು ತುಂಬಿಕೊಂಡು ಬರುವರು. ಯಾಕೆ ಎಂದು ಕೇಳಿದರೆ, “ಅದು ಮಲಗಿದಾಗ ಕೈ ಭಾಳ ಜುಮ್ ಅನ್ನಂಗಿಲ್ಲ,” ಅನ್ನುತ್ತಿದ್ದರು. ನಾನು ಇದನ್ನು ಓಣಿಗೆಲ್ಲ ಹೇಳಿ ನಗಿಸಿದೆ. ಬ್ಲೌಸು ಹೊಲಿಸಲು ಬರುವ ಕಾಶೆವ್ವನಂತೂ ಬಂದಾಗಲೆಲ್ಲ, “ಇವತ್ತ ಫ್ರಿಜ್ಜ ಪರವಾನಗಿ ಕೊಟ್ಟಿತೇನ?” ಎಂದು ಕೇಳುತ್ತಿದ್ದಳು. ಅತ್ತೆಯ ಕಿವಿಗೆ ಬೀಳುವಂತೆಯೇ ಕೇಳುತ್ತಿದ್ದಳು.

ನಾದಿನಿ ಅನ್ನಪೂರ್ಣಾಳನ್ನು ಕೊಟ್ಟದ್ದು ದಡ್ಡಿ ಎಂಬ ಊರಿಗೆ. ಕಳೆದ ವರ್ಷ ಅತ್ತೆ ಅಲ್ಲಿ ಹದಿನೈದು ದಿನ ಇದ್ದು ಬಂದರು. ಅಲ್ಲಿ ಎಷ್ಟು ನೀರು ತುಂಬಿದರೂ ಕೈಗೆ ಏನೂ ಆಗಲಿಲ್ಲವಂತೆ. ನಾನು ಹಿಟ್ಟು ನಾದುತ್ತ, ತಲೆ ಎತ್ತದೆ ಅಂದೆ, “ಮಗಳ ಮನ್ಯಾಗ ಎಲ್ಲಾರ ಕೈನೂ ನೆಟ್ಟಗ ಇರ್ತಾವ್ರಿ, ಅತ್ತಿ.” ಸರಿಯಾದ ಮಾತು ಆಡಿದೆ ಎಂಬ ಸಮಾಧಾನ ನನಗೆ ಸಂಜೆಯ ತನಕ ಇತ್ತು.

ಈ ವರ್ಷ ಅವರು ತಾವಾಗಿಯೇ ಹೇಳಿದರು. “ನಾ ದಡ್ಡಿಗೆ ಹೋಗಿ ಇದ್ದ ಬಿಡ್ತೀನಿ. ಇಲ್ಲಿ ನನ್ನ ಕೈ ನಡೀವಲ್ದು. ಕುಂತ ಉಣ್ಣಾಕ ನನಗ ಆಗೂದಿಲ್ಲ.” ಸೋಮವಾರದ ಬಸ್ಸು ಎಂದು ಗೊತ್ತು ಮಾಡಿಕೊಂಡರು. ಹೋಗಿ ಬರುವ ಮಾತಲ್ಲ ಅದು ಎಂದು ನನಗೆ ತಿಳಿದದ್ದು, ಅವರು ತಮ್ಮ ಪೆಟ್ಟಿಗೆಯ ಕೀಲಿ ತಂದು ನನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟಾಗ. ಆ ಕೀಲಿ ಅವರ ಸೊಂಟ ಬಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಬೇಡ ಅನ್ನಬೇಕಿತ್ತು. ನಾನು ಅನ್ನಲಿಲ್ಲ. ಭೀಮೇಶ “ಹೋಗಿ ಬಾರವ್ವಾ” ಅಂದ, ಡಬ್ಬಿಯಿಂದ ಕಣ್ಣು ತೆಗೆಯದೆ.

ಡಬ್ಬಿಗೂ ಅವನಿಗೂ ಆಗ ಯುದ್ಧ ನಡೆದಿತ್ತು. ಮೂಡಲಗಿಯ ಸಾಗರ ಎಂಬವನು ಮದುವೆಗಳಲ್ಲಿ ಬಾರಿಸುವ ಆರ್ಕೆಸ್ಟ್ರಾದಲ್ಲಿ ಗಿಟಾರಿನವನು. ಅವನಿಗೆಂದು ಕಟ್ಟಿದ್ದು ಈ ಚಹಾಪುಡಿ ಡಬ್ಬಿ. ದನಿಯೇನೋ ಭೀಮೇಶನಿಗೆ ಬೇಕಾದ ಹಾಗೆ ಒಡೆಯಿತು. ಆದರೆ ಗಿಟಾರು ಮುಟ್ಟದೆ ಇದ್ದಾಗಲೂ ಸ್ಪೀಕರಿನಲ್ಲಿ ಗುಂಯ್ ಎಂದು ಒಂದೇ ಸಮನೆ ಸದ್ದು. ಮೂರು ತಿಂಗಳು ಅದರ ಹಿಂದೆ ಬಿದ್ದ. ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ಒಳಗಿನ ಒಂದೊಂದೇ ಬಿಡಿಭಾಗ ಬದಲಿಸಿದ. ಡಬ್ಬಿಗೆ ಬ್ಯಾಟರಿ ಹಾಕಿ ನೋಡಿದ. ಗುಂಯ್ ಹೋಗಲಿಲ್ಲ. ಒಂದು ನೋಟುಬುಕ್ಕು ಮಾಡಿ ಅದರಲ್ಲಿ ಬರೆಯತೊಡಗಿದ. ‘6.40, ಜೋರು. 6.55, ಸಣ್ಣದು. ಕಾರಣ ಗೊತ್ತಿಲ್ಲ.’ ಹೀಗೆ ಪುಟಗಟ್ಟಲೆ. ಹೆತ್ತ ಮಗುವಿನ ಜ್ವರವನ್ನೂ ಯಾರೂ ಹೀಗೆ ಬರೆದಿಟ್ಟಿರಲಿಕ್ಕಿಲ್ಲ.

ಅತ್ತೆ ಹೊರಡುವ ಹಿಂದಿನ ದಿನ, ರವಿವಾರ, ಅವನು ಡಬ್ಬಿ, ಗಿಟಾರು, ಸ್ಪೀಕರು ಎಲ್ಲವನ್ನೂ ಬೈಕಿಗೆ ಕಟ್ಟಿಕೊಂಡು ಮೂಡಲಗಿಗೆ ಹೋದ. ಊಟದ ಹೊತ್ತಿಗೆ ತಿರುಗಿ ಬಂದ. ಕೈಕಾಲು ತೊಳೆಯದೆ ನೇರ ಮೇಜಿಗೆ ಹೋಗಿ ಎಲ್ಲವನ್ನೂ ಜೋಡಿಸಿದ. ಗುಂಯ್ ಶುರುವಾಯಿತು. ನಾನು ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಅತ್ತೆಯ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದೆ.

“ಸಾಗರನ ಮನ್ಯಾಗ ಒಂದ ತಾಸ ಹಚ್ಚಿಟ್ಟ ಕುಂತೆ. ಒಂದೀಟೂ ಸದ್ದಿಲ್ಲ,” ಅಂದ.

“ಹಂಗಾರ ಛಲೋನ ಆತಲ್ರಿ.”

“ಏನ್ ಛಲೋ? ಇಲ್ಲಿ ತಂದ ಹಚ್ಚಿದ್ರ ಮತ್ತ ಅದ ಗುಂಯ್. ಅಲ್ಲಿ ನೆಟ್ಟಗ, ಇಲ್ಲಿ ಸೊಟ್ಟ. ಇದು ಡಬ್ಬಿ ಬ್ಯಾನಿ ಅಲ್ಲ, ಈ ಮನಿ ಬ್ಯಾನಿ.”

ನನ್ನ ಕೈ ಸೀರೆಯ ಮೇಲೆ ನಿಂತಿತು. ಅಲ್ಲಿ ನೆಟ್ಟಗೆ, ಇಲ್ಲಿ ಸೊಟ್ಟ. ಇದನ್ನು ಈ ಮನೆಯಲ್ಲಿ ಇನ್ನೊಬ್ಬರು ಹೇಳಿದ್ದರು, ಮತ್ತು ನಾನು ಅವರಿಗೆ ಒಂದು ಉತ್ತರ ಕೊಟ್ಟಿದ್ದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ ಎಂದು ಎದ್ದಿತು. ಸ್ಪೀಕರಿನ ಗುಂಯ್ ತಕ್ಷಣ ದಪ್ಪವಾಯಿತು. ಭೀಮೇಶ ಗಡಿಯಾರ ನೋಡಿ ನೋಟುಬುಕ್ಕಿನಲ್ಲಿ ‘ಜೋರು’ ಎಂದು ಬರೆದುಕೊಂಡ. ಸ್ವಲ್ಪ ಹೊತ್ತಿಗೆ ಫ್ರಿಜ್ಜು ಸುಮ್ಮನಾಯಿತು. ಗುಂಯ್ ಸಣ್ಣದಾಯಿತು. ಅವನು ಅದನ್ನೂ ಬರೆದುಕೊಂಡ.

ನಾನು ಸೀರೆ ಬಿಟ್ಟು ಎದ್ದು ಹಿತ್ತಲಿಗೆ ಹೋದೆ. ಫ್ರಿಜ್ಜು ಮತ್ತೆ ಏಳುವ ತನಕ ಬಾಗಿಲಲ್ಲಿ ಕಾದೆ, ಅತ್ತೆ ಕಾಯುತ್ತಿದ್ದ ಹಾಗೆ, ಆದರೆ ಉಲ್ಟಾ. ಅದು ಗುರ್ ಅಂದಾಗ ಚಪ್ಪಲಿ ಬಿಟ್ಟು, ಹಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನಳ ಹಿಡಿದೆ.

ಮೊಣಕೈ ತನಕ ಜುಮ್ ಅಂದಿತು. ಇರುವೆ ಕಚ್ಚಿದ ಹಾಗಲ್ಲ, ಇರುವೆಯ ಸಾಲೇ ಒಳಗೆ ಹೊಕ್ಕ ಹಾಗೆ. ಕೈ ಕಿತ್ತುಕೊಂಡೆ. ನನಗೆ ನೋವಿಗಿಂತ ನಾಚಿಕೆ ಹೆಚ್ಚಾಯಿತು. ಇದನ್ನು ಅವರು ಎರಡು ವರ್ಷ ದಿನಾ ಹಿಡಿದಿದ್ದರು.

ಭೀಮೇಶನನ್ನು ಕರೆದು, “ಚಪ್ಪಲಿ ಬಿಟ್ಟ ಬರ್ರಿ,” ಎಂದೆ. ಅವನು ಬಿಡಲಿಲ್ಲ, ಟೆಸ್ಟರ್ ತಂದು ನಳಕ್ಕೆ ಇಟ್ಟ. ಅದರೊಳಗಿನ ಕೆಂಪು ದೀಪ ಮಿಣುಕಿತು. ಅವನು ಓಡಿಹೋಗಿ ಮೇನ್ ಸ್ವಿಚ್ ಬಂದ್ ಮಾಡಿ, ಮೀಟರಿನ ಹಲಗೆ ಬಿಚ್ಚಿದ. ಹಿಂದೆ ಕಪ್ಪು ಟೇಪು ಸುತ್ತಿದ ಒಂದು ವೈರಿನ ಗಂಟಿತ್ತು. ಟೇಪು ಬಿಡಿಸಿದ. ಮೂರು ಸುತ್ತು, ತುದಿ ಒಳಕ್ಕೆ ಮಡಚಿದ್ದು. ಹಾಗೆ ಕಟ್ಟುವವನು ಈ ಸೀಮೆಯಲ್ಲಿ ಒಬ್ಬನೇ.

ನನಗೆ ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಮಳೆಗಾಳಿಗೆ ಕಂಬದಿಂದ ಬರುವ ಎರಡು ವೈರಿನಲ್ಲಿ ಒಂದು ಹರಿದಿತ್ತು. ಕರೆಂಟು ಮನೆಗೆ ಬರುವ ವೈರು ಚೆನ್ನಾಗಿತ್ತು, ತಿರುಗಿ ಹೋಗುವ ವೈರು ಇರಲಿಲ್ಲ. ಮನೆಯಲ್ಲಿ ನೆಂಟರಿದ್ದರು. ಲೈನ್‌ಮನ್ ನಾಳೆ ಬರುತ್ತೇನೆ ಎಂದಿದ್ದ. ಭೀಮೇಶ ನಾಳೆಯ ತನಕ ಕಾಯದೆ, ತಿರುಗಿ ಹೋಗುವ ಕರೆಂಟನ್ನು ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೆ ಕಟ್ಟಿ ನೆಲಕ್ಕೆ ಇಳಿಸಿದ್ದ. ದೀಪ ಹತ್ತಿದವು. ನೆಂಟರು ಶಾಭಾಷ್ ಅಂದರು, ನಾನೂ ಬೀಗಿದೆ. ಮರುದಿನ ಬಂದ ಲೈನ್‌ಮನ್ ಉರಿಯುವ ದೀಪ ನೋಡಿ ತಿರುಗಿ ಹೋದ. ಒಂದು ದಿನದ ಗಂಟು ಅಲ್ಲೇ ಉಳಿಯಿತು. ಅದೇ ಪೈಪಿನಿಂದ ಹಿತ್ತಲಿನ ನಳ. ಫ್ರಿಜ್ಜು ಎದ್ದಾಗೆಲ್ಲ ಅದರ ಕರೆಂಟು ಆ ಪೈಪಿನ ಮೇಲೆ ಹಾದು ನೆಲಕ್ಕೆ ಹೋಗುತ್ತಿತ್ತು. ನಳ ಹಿಡಿದ ಬರಿಗಾಲಿನವರ ಮೂಲಕವೂ ಸ್ವಲ್ಪ ಹೋಗುತ್ತಿತ್ತು. ಸ್ಪೀಕರಿನ ಗುಂಯ್ ಹುಟ್ಟಿದ್ದೂ ಅದೇ ಗಂಟಿನಿಂದ.

“ಜೀವಾ ಹೋಗತಿತ್ತಲ್ಲ,” ಎಂದ ಭೀಮೇಶ. ಸಂಜೆ ಅತ್ತೆ ಹನುಮಪ್ಪನ ಗುಡಿಗೆ ಹೋಗಿ ಬಂದಾಗ ಮನೆ ಕತ್ತಲಾಗಿತ್ತು. ನಳ ಮುಟ್ಟಬೇಡಿ, ನಾಳೆ ಲೈನ್‌ಮನ್ ಬರುತ್ತಾನೆ ಎಂದಷ್ಟೇ ಹೇಳಿದೆ.

ಸೋಮವಾರ ಮುಂಜಾನೆ ಎಂಟಕ್ಕೆಲ್ಲ ಲೈನ್‌ಮನ್ ಸತ್ಯಪ್ಪ ಕಂಬ ಹತ್ತಿ ಹರಿದ ವೈರನ್ನು ಕೂಡಿಸಿದ. ಭೀಮೇಶ ತನ್ನ ಗಂಟನ್ನು ಕತ್ತರಿಸಿ ತೆಗೆದ. ಅಷ್ಟು ಹೊತ್ತಿಗೆ ಅತ್ತೆ ಇಳಕಲ್ ಸೀರೆ ಉಟ್ಟು, ಊರಿಗೆ ಹೋಗುವ ಚಪ್ಪಲಿ ಮೆಟ್ಟಿ, ಚೀಲ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು.

“ಅವ್ವಾ, ಬಂದ ನಳಾ ಹಿಡಿ,” ಅಂದ ಭೀಮೇಶ.

ಅತ್ತೆ ಕಿವಿಗೊಟ್ಟರು. “ಫ್ರಿಜ್ಜ ಎಚ್ಚರ ಐತಲ್ಲೋ.”

“ಇರಲಿ, ಹಿಡಿ.”

ಅವರು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತರು. ಮೊದಲು ಒಂದು ಬೆರಳು ಇಟ್ಟರು. ಆಮೇಲೆ ಇಡೀ ಕೈ. ತುಂಬ ಹೊತ್ತು ಹಾಗೆಯೇ ಹಿಡಿದುಕೊಂಡು ನಿಂತರು, ಬಹುದಿನದ ಮೇಲೆ ಸಿಕ್ಕವರ ಕೈ ಹಿಡಿದಂತೆ. ಭೀಮೇಶ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಗಂಟು ತನ್ನದು, ಮರೆತವನು ತಾನು, ಕೈಗೆ ಯಾವ ರೋಗವೂ ಇಲ್ಲ.

“ಹಂಗಾರ ನನ್ನ ಕೈ ನೆಟ್ಟಗ ಐತಿ?”

“ಐತಿ, ಅವ್ವಾ.”

“ನಾ ಅವತ್ತ ಅಂದದ್ದ ತಪ್ಪಾತ್ರಿ, ಅತ್ತಿ,” ಎಂದೆ.

“ಯಾವದ?” ಅಂದರು.

ಮರೆತಿದ್ದರೋ, ನನ್ನ ಬಾಯಿಂದಲೇ ಇನ್ನೊಮ್ಮೆ ಕೇಳಬೇಕೆಂದಿದ್ದರೋ ತಿಳಿಯಲಿಲ್ಲ. ಆ ಮಾತನ್ನು ಮತ್ತೆ ಆಡಲು ನನ್ನಿಂದ ಆಗಲಿಲ್ಲ. ಅವರು, “ನನ್ನ ಪೆಟಗಿ ಕೀಲಿ ಎಲ್ಲಿ ಇಟ್ಟಿ?” ಎಂದು ಕೇಳಿದರು. ಓಡಿಹೋಗಿ ತಂದುಕೊಟ್ಟೆ. ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡ ತುಂಬಿ, ತಾವೇ ಎತ್ತಿಕೊಂಡು ಒಳಗೆ ನಡೆದರು. ರಸ್ತೆಯಲ್ಲಿ ಬಸ್ಸು ಬಂದು, ನಿಂತು, ಹೋಯಿತು.

ಚೀಲವನ್ನು ನಾನೇ ಬಿಚ್ಚಿದೆ. ಎಲ್ಲಕ್ಕಿಂತ ಮೇಲೆ ಗುಳಿಗೆಗಳ ಪೊಟ್ಟಣವಿತ್ತು, ದಡ್ಡಿಗೆಂದು ಎರಡು ತಿಂಗಳಿಗಾಗುವಷ್ಟು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಮಗನ ಮುಖ ನೋಡಿದರು.

“ಹಂಗಾರ ಇದನ್ನ ಇನ್ನ ನುಂಗೂದ ಐತೇನ?” ಎಂದು ಕೇಳಿದರು.

ಕೊಂಕಿಲ್ಲದೆ ಕೇಳಿದರು. ನಿಜಕ್ಕೂ ಗೊತ್ತಿಲ್ಲದೆ ಕೇಳಿದರು. ಭೀಮೇಶ ನನ್ನ ಕಡೆ ತಿರುಗಿದ. ನಾನು ಅವನು ಹೇಳಲಿ ಎಂದು ಕಾದೆ. ಅತ್ತೆ ಒಂದು ಕ್ಷಣ ಇಬ್ಬರನ್ನೂ ನೋಡಿ, ರೂಢಿಯಂತೆ ಒಂದು ಗುಳಿಗೆ ಬಿಡಿಸಿ ಬಾಯಿಗೆ ಹಾಕಿಕೊಂಡು, ಈಗಷ್ಟೇ ತಂದ ಕೊಡದಿಂದ ನೀರು ಕುಡಿದರು. ನಾನು “ಬ್ಯಾಡ್ರಿ, ಅತ್ತಿ” ಅನ್ನುವಷ್ಟರಲ್ಲಿ ಅದು ಗಂಟಲು ಇಳಿದಿತ್ತು.