ಮೀನಿನ ಕೈ

"ಇನ್ನೂ ಸ್ವಲ್ಪ ಮೇಲಕ್ಕೆ ಎಳಿಯಪ್ಪ, ಕೆಳಗಡೆ ನನ್ನ ಹೆಸರು ಮುಚ್ಚೋಗ್ತಾ ಇದೆ!"

ಗೇಟಿನ ಬಳಿ ನಿಂತು ಭೈರೇಶ್ ಕೂಗುತ್ತಿದ್ದ. ಏಣಿ ಹತ್ತಿದ್ದವನು ಫ್ಲೆಕ್ಸಿನ ಹಗ್ಗ ಬಿಗಿದ. ಅದರ ಮೂಲೆಯಲ್ಲಿ ಸತ್ತ ತಾಯಿ ಮುನಿಲಕ್ಷ್ಮಮ್ಮನ ಮುಖ ಹಪ್ಪಳದಷ್ಟಿತ್ತು. ಕೈ ಮುಗಿದ ಮಗ ಆಳೆತ್ತರ ಇದ್ದ.

ಸ್ಪಂದನ ಸ್ಕೂಟರ್ ನಿಲ್ಲಿಸಿದಳು. ಶಾಮಿಯಾನದ ಕೆಳಗೆ ಐಸ್ ಪೆಟ್ಟಿಗೆಯಲ್ಲಿ ಅವ್ವ ಮಲಗಿದ್ದಾಳೆ, ಇವನಿಗೆ ತನ್ನ ಹೆಸರಿನ ಚಿಂತೆ.

"ಬಸವೇಶ್ವರನಗರದಿಂದ ಬ್ಯಾಡರಹಳ್ಳಿಗೆ ಬರಕ್ಕೆ ಇಷ್ಟೊತ್ತೇನೆ?" ಎಂದ ಅಣ್ಣ. "ದೊಡ್ಡೋರೆಲ್ಲ ಬರ್ತಾವ್ರೆ. ಸ್ವಲ್ಪ ಅಳು, ಕಲ್ಲಿನ ಥರ ನಿಂತ್ಕೋಬೇಡ."

"ನೀನೇ ಅಳಣ್ಣ. ಫೋಟೋಗೆ ಚೆನ್ನಾಗಿರುತ್ತೆ."

ಅವನು ಮತ್ತೆ ಫ್ಲೆಕ್ಸಿನ ಕಡೆ ತಿರುಗಿದ. ಬಡಾವಣೆಯ ದೇವಸ್ಥಾನದ ಟ್ರಸ್ಟಿಗೆ ಅಧ್ಯಕ್ಷನಾದ ಮೇಲೆ ಅವನು ಮನೆಯೊಳಗೆ ಮೀನು, ಮಾಂಸ ನಿಲ್ಲಿಸಿದ್ದ. ಕಾರಿನ ಗಾಜು ಏರಿಸಿಕೊಂಡು ಕಬಾಬ್ ತಿನ್ನುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

*

ಹೋದ ಬೇಸಿಗೆಯಲ್ಲಿ ಅವ್ವ ಫೋನ್ ಮಾಡಿದ್ದಳು. "ಸ್ಕೂಟ್ರು ತಗೊಂಡು ಬಾರೆ. ನಿಮ್ಮಣ್ಣಂಗೆ ಸಾವನದುರ್ಗದ ದೇವ್ರಿಗೆ ಹೋಗ್ತೀವಿ ಅಂತ ಹೇಳಿವ್ನಿ."

ಹೋಗಿದ್ದು ಮಂಚನಬೆಲೆ ಹಿನ್ನೀರಿಗೆ. ಅವ್ವ ಸೀರೆ ಎತ್ತಿ ಸಿಕ್ಕಿಸಿ, ಚೀಲದಿಂದ ಎರಡು ಗಾಳ, ತಂಗಳು ಮುದ್ದೆ ತೆಗೆದಳು. ಊರಿನ ಕೆರೆ ಬಡಾವಣೆಯಾಗುವ ಮುಂಚೆ ಅವಳು ಹಿಡಿದು ತಂದ ಮೀನಿನಲ್ಲೇ ಎಷ್ಟೋ ದಿನ ಮನೆಯ ಸಾರು ಕುದಿದಿತ್ತು.

ಸ್ವಲ್ಪ ದೂರದಲ್ಲಿ ಟೋಪಿ, ಕಪ್ಪು ಕನ್ನಡಕ ಹಾಕಿದ ಇಬ್ಬರು ಮಡಚುವ ಕುರ್ಚಿಯಲ್ಲಿ ಕೂತು ಹೊಳೆಯುವ ಕೋಲು ಹಿಡಿದಿದ್ದರು. ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರು ಮೀನು ಹಿಡಿಯಕ್ಕೆ ಬಂದವ್ರಾ, ಮೀನಿಗೆ ಹೆಣ್ಣು ಕೊಡಕ್ಕೆ ಬಂದವ್ರಾ?"

ಮಧ್ಯಾಹ್ನದವರೆಗೂ ಅವರಿಗೂ ಸಿಗಲಿಲ್ಲ, ಇವರಿಗೂ ಸಿಗಲಿಲ್ಲ. ಅವ್ವ ಮೀನುಗಳನ್ನೇ ಬೈಯತೊಡಗಿದಳು. "ಇವೂ ನಿಮ್ಮಣ್ಣನ ಥರಾನೆ ಕಣೆ. ಮುದ್ದೆ ಕೊಟ್ರೆ ಮೂಗು ಮುರೀತವೆ."

ಆಗಲೇ ಸ್ಪಂದನಳ ಕೈಯಲ್ಲಿದ್ದ ದಾರ ಜಗ್ಗಿತು.

"ಎಳೀಬೇಡ! ಸ್ವಲ್ಪ ಆಡಕ್ಕೆ ಬಿಡು... ಹ್ಞಾಂ, ಈಗ ಎಳಿ!"

ಇಬ್ಬರೂ ಸೇರಿ ಎಳೆದು ಕೆಸರಿನಲ್ಲಿ ಹಿಂದಕ್ಕೆ ಬಿದ್ದರು. ಮೊಳದುದ್ದದ ಕಾಟ್ಲಾ. ಅವ್ವ ಅದನ್ನು ಕೂಸಿನಂತೆ ಎದೆಗೆ ಅವುಚಿಕೊಂಡು ನಕ್ಕಳು. "ಪೆದ್ದು ಮೀನು ಕಣೆ ಇದು. ಇಲ್ದಿದ್ರೆ ನಿನ್ ಕೈಗೆ ಸಿಗ್ತಿತ್ತಾ?"

ಮೂರು ಕಲ್ಲಿಟ್ಟು, ಉಪ್ಪು ಖಾರ ಸವರಿ ಸುಟ್ಟರು. ಅವ್ವ ತಲೆಯ ಮೂಳೆಯನ್ನು ಚೀಪುತ್ತ, ನೀರಿನ ಕಡೆ ನೋಡುತ್ತ ಹೇಳಿದಳು. "ಅನ್ನ ಹಾಕ್ತಾನೆ ಅವ್ನು, ಇಲ್ಲ ಅನ್ನಲ್ಲ. ಆದ್ರೆ ನಾನು ಹೊರಗಿಂದ ಬಂದ್ರೆ ಬಾಯಿ ಮೂಸಿ ನೋಡ್ತಾನೆ ಕಣೆ. ಹೆತ್ತ ತಾಯಿ ಬಾಯಿ."

ಸ್ಪಂದನ ತನ್ನ ಪಾಲಿನ ತುಂಡನ್ನೂ ಅವಳ ಮುಂದಿಟ್ಟಳು. ಹೊರಡುವಾಗ ಸೋಪು ಚಾಚಿದಳು. "ಕೈ ತೊಳ್ಕೊಳವ್ವ, ವಾಸನೆ."

"ಇರ್ಲಿ ಬಿಡು."

ವಾಪಸ್ ಬಂದಾಗ ಮನೆಯಲ್ಲಿ ಟ್ರಸ್ಟಿನವರೆಲ್ಲ ಕೂತಿದ್ದರು. ನಾಲ್ಕು ಜನ ನೋಡಲೆಂದು ಭೈರೇಶ್ ಎದ್ದು ಬಂದು ತಾಯಿಯ ಕಾಲಿಗೆ ಬಿದ್ದ. ಅವ್ವ ಎರಡೂ ಅಂಗೈಯನ್ನು ಅವನ ತಲೆಗೆ, ಆಮೇಲೆ ಎರಡೂ ಕೆನ್ನೆಗೆ ನಿಧಾನವಾಗಿ ಸವರಿದಳು.

"ದೇವ್ರ ಪ್ರಸಾದ ಕಣಪ್ಪ. ಚೆನ್ನಾಗಿರು."

ಹತ್ತಿರ ಕೂತಿದ್ದವರು ಒಬ್ಬೊಬ್ಬರಾಗಿ ಮೂಗಿಗೆ ಕರವಸ್ತ್ರ ಹಿಡಿದರು. ಅಂದಿನಿಂದ ಸ್ಪಂದನಳ ಸ್ಕೂಟರನ್ನು ಭೈರೇಶ್ ಗೇಟಿನೊಳಗೆ ಬಿಟ್ಟಿರಲಿಲ್ಲ. ತಾಯಿ ಮಗಳು ಮತ್ತೆ ಜೊತೆಯಾಗಿ ಎಲ್ಲಿಗೂ ಹೋಗಲಿಲ್ಲ.

*

ಹೆಣ ಎತ್ತುವ ಮುಂಚೆ ಭೈರೇಶ್ ಮೈಕು ಹಿಡಿದ.

"ನಮ್ಮ ತಾಯಿ ಮಹಾ ಸಾತ್ವಿಕರು. ಎಷ್ಟೋ ವರ್ಷದಿಂದ ಮೀನು ಮಾಂಸ ಕಣ್ಣೆತ್ತಿಯೂ ನೋಡಿದವರಲ್ಲ. ಅವರ ಆ ಪವಿತ್ರವಾದ ಹಸ್ತ ನನ್ನ ತಲೆ ಮೇಲೆ..."

ಅವ್ವನ ತಂಗಿ ರಾಮಮ್ಮ ಪಕ್ಕದಲ್ಲಿ ಕೂತಿದ್ದವಳು ಸ್ಪಂದನಳ ಕಿವಿಗೆ ಬಾಯಿಟ್ಟಳು.

"ಸ್ಪಂದ್ನ, ಅಕ್ಕ ಒಂದ್ಸಲ ಹೇಳಿದ್ಳು. ಆವತ್ತು ಕೈ ತೊಳ್ದೇ ಇರ್ಲಿಲ್ವಂತೆ?"

"ಇಲ್ಲ ಚಿಕ್ಕವ್ವ."

"ಕೆನ್ನೆಗೂ ಸವರಿದ್ಳಾ?"

"ಎರಡೂ ಕೆನ್ನೆಗೆ."

ರಾಮಮ್ಮನ ಹೊಟ್ಟೆ ನಗುವಿಗೆ ಕುಲುಕಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸ್ಪಂದನಳಿಗೂ ತಡೆಯಲಾಗಲಿಲ್ಲ, ಚಿಕ್ಕವ್ವನ ಭುಜದಲ್ಲಿ ಮುಖ ಹುದುಗಿಸಿದಳು. ಇಬ್ಬರ ಮೈಯೂ ಅಲುಗಾಡತೊಡಗಿತು, ಕಣ್ಣಿಂದ ನೀರು ಸುರಿಯಿತು. ಸುತ್ತಲಿದ್ದ ಹೆಂಗಸರು ಲೊಚಗುಟ್ಟುತ್ತ ಅವರ ಬೆನ್ನು ಸವರಿದರು.

ಭೈರೇಶ್ ಮಾತು ನಿಲ್ಲಿಸಿ ಇತ್ತ ನೋಡಿದ. ಮುಖದಲ್ಲಿ ಸಮಾಧಾನ ಮೂಡಿತು. ಮೈಕಿಗೆ ಅಂಗೈ ಅಡ್ಡ ಹಿಡಿದು ಫೋಟೋಗ್ರಾಫರನಿಗೆ ಕಣ್ಸನ್ನೆ ಮಾಡಿದ.

"ಅವ್ರಿಬ್ರುದ್ದೂ ಒಂದು ತಗೊಳಪ್ಪ. ಹತ್ತಿರದಿಂದ."