ಉಜ್ಜನಪ್ಪನವರ ಅಭಿನಂದನಾ ಪತ್ರ

ನಮ್ಮ ಜಿಲ್ಲೆಯ ಹಿರಿಯ ರಾಜಕಾರಣಿ ಉಜ್ಜನಪ್ಪನವರಿಗೆ ಎಪ್ಪತ್ತೈದು ತುಂಬಿತು. ಶಿವಮೊಗ್ಗದಲ್ಲಿ ಸನ್ಮಾನ. ಅಭಿನಂದನಾ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಬೇಡ ಎನ್ನುವುದಿಲ್ಲ.

"ಭಾಷಾ ಸಾಮರಸ್ಯದ ಹರಿಕಾರ ಅಂತ ಒಂದು ಸಾಲು ಇರ್ಲಿ ಮೇಷ್ಟ್ರೇ," ಎಂದ ಸಮಿತಿಯ ಹಾಲೇಶ್. "ಸಾಹೇಬ್ರೇ ಹೇಳಿ ಕಳ್ಸಿದಾರೆ."

ನನಗೆ ನಗು ಬಂತು. ಮೂವತ್ತು ವರ್ಷದ ಹಿಂದೆ ಭದ್ರಾವತಿಯಲ್ಲಿ ಇದೇ ಹರಿಕಾರರು ಮೈಕು ಹಿಡಿದು, "ನಮ್ಮ ಕಾರ್ಖಾನೇಲಿ ನಮಗೇ ಕೆಲಸ ಇಲ್ಲ, ತಮಿಳರನ್ನ ರೈಲು ಹತ್ತಿಸಿ" ಎಂದು ಗುಡುಗಿದ್ದರು. ಹದಿನೇಳರ ನಾನು ಗಂಟಲು ಹರಿಯುವಂತೆ ಜೈ ಅಂದಿದ್ದೆ. ಅವರಂತೆ ಶರ್ಟಿನ ತೋಳು ಮಡಚುತ್ತಿದ್ದೆ, ಅವರಂತೆ ಕೆಮ್ಮುತ್ತಲೂ ಇದ್ದೆ. ಮಾರನೆಯ ದಿನ ಬೆಳಕು ಹರಿಯುವ ಮೊದಲೇ, ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿದ್ದ ಗೆಳೆಯ ಸೆಲ್ವರಾಜನ ಮನೆಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ "ರೈಲು ಹತ್ತಿ" ಎಂದು ಬರೆದೆ. ಕದ್ದು ಬರೆಯುವವನು ಗೀಚಿ ಓಡಬೇಕು. ನಾನು ಮೊದಲು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡಿದ್ದೆ.

ತಿಂಗಳೊಳಗೆ ಸೆಲ್ವರಾಜನ ಮನೆಯವರು ಕ್ವಾರ್ಟರ್ಸ್ ಬಿಟ್ಟರು. ರೈಲನ್ನಂತೂ ಹತ್ತಲಿಲ್ಲ, ಶಿವಮೊಗ್ಗ ದಾರಿಯ ಮಲವಗೊಪ್ಪದಲ್ಲಿ ಮನೆ ಮಾಡಿದರು. ಬರೆದವನು ಯಾರೆಂದು ಸೆಲ್ವರಾಜನಿಗೆ ಗೊತ್ತಿಲ್ಲ ಎಂದುಕೊಂಡೇ ನಾನು ಇಷ್ಟು ವರ್ಷ ಮದುವೆಮನೆಗಳಲ್ಲಿ ಅವನೆದುರು ಹಲ್ಲು ಕಿರಿದೆ.

ಈಗ ಆ ಸಾಲು ಬರೆಯಲು ಕೈ ಏಳಲಿಲ್ಲ. ಇಂಥವರ ಮಾತು ನಂಬಿ ಎಂಥ ಕೆಲಸ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಮೊದಲು ಸೆಲ್ವರಾಜನ ಹತ್ತಿರ ಕ್ಷಮೆ ಕೇಳಬೇಕು, ಆಮೇಲೆ ಪತ್ರ ಬರೆಯುವುದಿಲ್ಲ ಎಂದು ಸಮಿತಿಯವರ ಮುಖಕ್ಕೇ ಹೇಳಬೇಕು. ಹೀಗೆ ನಿಶ್ಚಯಿಸಿ ಸಿಟಿ ಬಸ್ಸು ಹತ್ತಿದೆ. ದಾರಿಯಲ್ಲಿ ಎರಡು ಸಲ ರಿಹರ್ಸಲ್ಲೂ ಆಯಿತು.

ಸೆಲ್ವರಾಜ ತನ್ನ ಶೆಡ್ಡಿನಲ್ಲಿ ಗೇಟೊಂದಕ್ಕೆ ವೆಲ್ಡಿಂಗ್ ಮಾಡುತ್ತಿದ್ದ. ಎಲ್ಲ ಹೇಳಿದೆ.

"ಗೊತ್ತಿತ್ತು," ಎಂದ. "ಇಡೀ ಲೈನಲ್ಲಿ ಅಷ್ಟು ಚಂದ ಬರಿಯೋನು ಇನ್ಯಾರಿದ್ರು ಮಾರಾಯ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"ಅಮ್ಮ ಬೇಡ ಅಂದ್ಲು. ನಿನ್ನ ಪಿಯುಸಿ ಪರೀಕ್ಷೆ ಹತ್ರ ಇತ್ತು."

ಅವನ ಅಮ್ಮ ತೀರಿಕೊಂಡು ಆರು ವರ್ಷ. ನನಗೆ ಅಳು ಬಂತು. ತಡೆದುಕೊಳ್ಳಲು ಉಜ್ಜನಪ್ಪನವರನ್ನು ಬಾಯಿಗೆ ಬಂದಂತೆ ಬೈದೆ. ಪತ್ರ ಬರೆಯುವುದಿಲ್ಲ ಎಂದೆ.

"ಬರಿ, ಬರಿ. ತಮಿಳು ಸಂಘದಿಂದ ಅವ್ರಿಗೆ ಹಾರ ಹಾಕೋನು ನಾನೇ. ಈ ಜಾಗಕ್ಕೆ ಹಕ್ಕುಪತ್ರ ಕೊಡ್ಸಿದ್ದು ಅವ್ರು."

"ಅವರನ್ನ ಕ್ಷಮಿಸ್ಬಿಟ್ಟಾ?"

"ಓಟಿಗೋಸ್ಕರ ಮಾತಾಡಿದ್ರು. ನಾವು ಯಾರು ಅಂತಾನೇ ಅವ್ರಿಗೆ ಗೊತ್ತಿರ್ಲಿಲ್ಲ."

"ಹಾಗಾದ್ರೆ ನನ್ನನ್ನೂ..."

"ನಿಂಗೆ ಗೊತ್ತಿತ್ತಲ್ಲ," ಎಂದ ಸೆಲ್ವರಾಜ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಭಾಷಣ ಕೇಳ್ಕೊಂಡು ಬಂದು, ಅವತ್ತು ರಾತ್ರಿ ನಮ್ಮನೇಲೇ ಉಂಡು ಹೋಗಿದ್ದೆ."

ಕಪ್ಪು ಕನ್ನಡಕ ಏರಿಸಿಕೊಂಡು ಅವನು ಗೇಟಿನ ಕಡೆ ತಿರುಗಿದ.